ಬಯಲುಸೀಮೆಯಿಂದ ಹೊರದೇಶಕ್ಕೆ ಹಕ್ಕಿ ನೋಡಲು: ಶ್ರೀಲಂಕಾವೋ, ಭೂತಾನೋ, ಥಾಯ್ಲೆಂಡೋ, ಕೀನ್ಯಾವೋ?

ತುಂಗಭದ್ರಾ ಹಿನ್ನೀರಿನಲ್ಲಿ ಪಟ್ಟೆತಲೆ ಹೆಬ್ಬಾತು ನೋಡಿದ್ದಾಯಿತು. ದರೋಜಿಯ ಬಂಡೆಗಳ ನಡುವೆ ಹಳದಿ ಕತ್ತಿನ ಪಿಕಳಾರ ಸಿಕ್ಕಿದ್ದಾಯಿತು. ಅಂಕಸಮುದ್ರದ ಕೆರೆ ಏರಿಯ ಮೇಲೆ ಎಷ್ಟೋ ಭಾನುವಾರ ಕಳೆದದ್ದಾಯಿತು. ಇನ್ನು ಒಮ್ಮೆ ದೇಶದ ಆಚೆ ಹೋಗಿ ನೋಡಬೇಕು, ಎಲ್ಲಿಗೆ ಹೋಗಲಿ? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹಕ್ಕಿ ಗೆಳೆಯರು ಈಗೀಗ ಇದನ್ನೇ ಕೇಳುತ್ತಿದ್ದಾರೆ. ಸಿಂಧನೂರಿನ ರೈತರೂ ಕೇಳುತ್ತಾರೆ, ಗಂಗಾವತಿಯ ಮೇಷ್ಟ್ರೂ ಕೇಳುತ್ತಾರೆ, ನಿವೃತ್ತಿಯ ಹತ್ತಿರ ಬಂದ ಬ್ಯಾಂಕಿನವರೂ ಕೇಳುತ್ತಾರೆ. ಪ್ರಶ್ನೆ ಒಂದೇ ಆದರೂ ಅವರಿಗೆಲ್ಲ ಒಂದೇ ಉತ್ತರ ಹೊಂದುವುದಿಲ್ಲ.

ಟೂರ್ ಕಂಪನಿಗಳ ಜಾಹೀರಾತು ಶುರುವಾಗುವುದೇ ಲೆಕ್ಕದಿಂದ: ಈ ದೇಶದಲ್ಲಿ ಏಳುನೂರು ಜಾತಿ, ಆ ದೇಶದಲ್ಲಿ ಸಾವಿರ ಜಾತಿ. ಆ ಲೆಕ್ಕವನ್ನು ಮೊದಲು ಪಕ್ಕಕ್ಕಿಡಿ. ಕೊಲಂಬಿಯಾದಲ್ಲಿ ಸಾವಿರದ ಒಂಬೈನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ, ಜಗತ್ತಿನಲ್ಲೇ ಹೆಚ್ಚು. ಆದರೆ ಅಲ್ಲಿಗೆ ಹೋಗಿ ಬರುವ ದಾರಿಯಲ್ಲೇ ರಜೆಯ ದೊಡ್ಡ ಪಾಲು ಮುಗಿಯುತ್ತದೆ. ಮೊದಲ ಪ್ರವಾಸಕ್ಕೆ ನಾನು ಅದನ್ನು ಹೇಳುವುದಿಲ್ಲ. ಕೇಳಬೇಕಾದದ್ದು ಬೇರೆ: ನಮ್ಮ ಎರೆ ಹೊಲ, ಜಾಲಿ ಪೊದೆ, ಬಂಡೆ ಗುಡ್ಡ, ಕಾಲುವೆ ಗದ್ದೆ ನೋಡಿ ಬೆಳೆದ ಕಣ್ಣಿಗೆ ಅಲ್ಲಿ ಹೊಸದಾಗಿ ಸಿಗುವುದೇನು? ಅದನ್ನು ನೋಡಲು ಎಷ್ಟು ಬೆಳಗುಗಳು ಕೈಗೆ ಸಿಗುತ್ತವೆ?

ಯಾವುದನ್ನು ನೋಡಿ ಆರಿಸಬೇಕು

ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ನೆಲದ ವೈವಿಧ್ಯ, ಅದರ ಜೊತೆಗೆ ಒಂದು ನೆಲದಿಂದ ಇನ್ನೊಂದಕ್ಕೆ ಇರುವ ದಾರಿ. ಕಾಡು, ಜೌಗು, ಹುಲ್ಲುಗಾವಲು, ಬೆಟ್ಟ ಎಲ್ಲವೂ ಇರುವ ದೇಶಗಳು ಬೇಕಾದಷ್ಟಿವೆ. ಅವುಗಳ ನಡುವೆ ದಿನಗಟ್ಟಲೆ ಕಾರಿನಲ್ಲಿ ಕೂರಬೇಕಾದರೆ ಎಂಟು ದಿನದ ಪ್ರವಾಸದಲ್ಲಿ ಹಕ್ಕಿ ನೋಡಲು ಉಳಿಯುವುದು ನಾಲ್ಕೇ ಬೆಳಗು. ಬೆಳಗಿನ ಮೊದಲ ಮೂರು ಗಂಟೆಯಲ್ಲಿ ಕಂಡಷ್ಟು ಹಕ್ಕಿ ಉಳಿದ ಇಡೀ ದಿನದಲ್ಲಿ ಕಾಣುವುದಿಲ್ಲ ಎಂಬುದು ನಿಮಗೂ ಗೊತ್ತು. ಹಾಗಾಗಿ ಟೂರ್‌ನವರಿಂದ ಯಾವ ದೇಶದ ದಿನವಾರು ಪ್ರವಾಸ ಪಟ್ಟಿ ಕೈಗೆ ಬಂದರೂ ಪೆನ್ಸಿಲ್ ಹಿಡಿದು ಅದರಲ್ಲಿ ಎಷ್ಟು ಬೆಳಗು ಕಾಡಿನಲ್ಲಿವೆ, ಎಷ್ಟು ರಸ್ತೆಯ ಮೇಲಿವೆ ಎಂದು ಎಣಿಸಿ.

ಎರಡನೆಯದು ಕಾಲ. ಮೇಷ್ಟ್ರಿಗೆ ಬಿಡುವು ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ, ಇಲ್ಲವೇ ದಸರೆಗೆ. ಅಚ್ಚುಕಟ್ಟಿನ ರೈತರಿಗೆ ಮುಂಗಾರು ಭತ್ತ ಕೊಯ್ದು ಮಾರಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ, ಬೇಸಿಗೆ ಬೆಳೆಗೆ ಕಾಲುವೆ ನೀರು ಬಂದರೆ ಮತ್ತೆ ಗದ್ದೆ ಬಿಡುವಂತಿಲ್ಲ. ನಿಮ್ಮ ಬಿಡುವು ಒಂದು ತಿಂಗಳು, ಆ ದೇಶದ ಹಕ್ಕಿಗಳ ಕಾಲ ಇನ್ನೊಂದು ತಿಂಗಳು ಆದರೆ ಎಷ್ಟು ದುಡ್ಡು ಸುರಿದರೂ ಫಲವಿಲ್ಲ.

ಆಮೇಲೆ ದುಡ್ಡು, ದೇಹ, ಕಾಗದಪತ್ರ, ಊಟ. ಎತ್ತರ ತಡೆಯುತ್ತದೆಯೇ, ಜಿಗಣೆ ಸಹಿಸುತ್ತೀರಾ, ಮಂಡಿ ನೋವಿದೆಯೇ, ಮೀನಿನ ವಾಸನೆ ಬಂದರೆ ಊಟ ಬಿಡುವವರೇ? ಇವನ್ನು ಮನೆಯಲ್ಲೇ ಮಾತಾಡಿ ಮುಗಿಸಿ.

ಶ್ರೀಲಂಕಾ: ಹತ್ತಿರ, ಅಗ್ಗ, ಆದರೆ ಅರ್ಧ ಪರಿಚಿತ

ಬೆಂಗಳೂರಿನಿಂದ ಕೊಲಂಬೊ ಒಂದೂವರೆ ಗಂಟೆಯ ಹಾರಾಟ. ಬಳ್ಳಾರಿಯಿಂದ ಬೆಂಗಳೂರಿಗೆ ರಾತ್ರಿಯ ರೈಲಿನಲ್ಲಿ ಹೋಗುವುದೇ ಅದಕ್ಕಿಂತ ಎಷ್ಟೋ ಪಟ್ಟು ದೀರ್ಘ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿಂದಲೂ ವಿಮಾನವಿದೆ. ಶ್ರೀಲಂಕಾದಲ್ಲಿ ಮಾತ್ರ ಸಿಗುವ, ಬೇರೆಲ್ಲೂ ಇಲ್ಲದ ಹಕ್ಕಿಗಳು ಸುಮಾರು 34. ಅವುಗಳಲ್ಲಿ ಬಹುಪಾಲು ದ್ವೀಪದ ನೈರುತ್ಯ ಭಾಗದ ಮಳೆಕಾಡಿನಲ್ಲಿ, ನಡುವಿನ ಬೆಟ್ಟಗಳಲ್ಲಿ ಇವೆ.

ಸಿಂಹರಾಜ ಕಾಡಿಗೆ 1988ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಬಂತು. ಅಲ್ಲಿನ ವಿಶೇಷ, ಹಕ್ಕಿಗಳು ಗುಂಪುಕಟ್ಟಿ ಮೇಯುವ ಬಗೆ. ಗಂಟೆಗಟ್ಟಲೆ ಕಾಡು ಮೌನವಾಗಿರುತ್ತದೆ. ಎಲೆಯಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಇದ್ದಕ್ಕಿದ್ದಂತೆ ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗಲಾಟೆ ಕೇಳಿಸುತ್ತದೆ. ನಮ್ಮ ಹೊಲದ ಬದುವಿನ ಹರಟೆಮಲ್ಲಗಳ ದಾಯಾದಿಗಳೇ ಅವು, ಗದ್ದಲವೂ ಹಾಗೆಯೇ. ಅವುಗಳ ಹಿಂದೆಯೇ ಜುಟ್ಟಿನ ಕಾಜಾಣ, ಅದರ ಹಿಂದೆ ಕೆಂಪು ಮುಖದ ಮಲ್ಕೋಹ, ಮೇಲಿನ ಕೊಂಬೆಯಲ್ಲಿ ಬ್ಲೂ ಮ್ಯಾಗ್‌ಪೈ. ಹರಟೆಮಲ್ಲ ಎಲೆ ಕೆದಕಿ ಎಬ್ಬಿಸಿದ ಹುಳವನ್ನು ಕಾಜಾಣ ಗಾಳಿಯಲ್ಲೇ ಹಿಡಿಯುತ್ತದೆ. ಹತ್ತಿರ ಹತ್ತಿರ ನಲವತ್ತು ಹಕ್ಕಿ, ಹತ್ತಕ್ಕೂ ಹೆಚ್ಚು ಜಾತಿ ಒಟ್ಟಿಗೆ ಹಾದುಹೋಗುತ್ತವೆ. ಕೆಲವೇ ನಿಮಿಷ, ಮತ್ತೆ ಮೌನ. ಅದಕ್ಕೇ ಸಿಂಹರಾಜದಲ್ಲಿ ಒಂದು ರಾತ್ರಿ ತಂಗಿದರೆ ಏನೂ ಸಾಲದು, ಕನಿಷ್ಠ ಎರಡು, ಆದರೆ ಮೂರು ಇರಲಿ. ಒಂದು ಗುಂಪು ತಪ್ಪಿದರೆ ಇನ್ನೊಂದು ಸಿಗಲು ಸಮಯ ಬೇಕು.

ಸಂಜೆಗೆ ಸೆರೆಂಡಿಬ್ ಗೂಬೆ. ಇದರ ಕೂಗನ್ನು ಶ್ರೀಲಂಕಾದ ಹಕ್ಕಿತಜ್ಞ ದೀಪಾಲ್ ವಾರಕಗೊಡ ಅವರು ಕಿತುಲ್‌ಗಲದ ಕಾಡಿನಲ್ಲಿ 1995ರಲ್ಲೇ ಕೇಳಿದ್ದರು, ಆದರೆ ಹಕ್ಕಿ ಕಣ್ಣಿಗೆ ಬಿದ್ದದ್ದು 2001ರಲ್ಲಿ. ಹೊಸ ಜಾತಿಯೆಂದು ವಿವರಣೆ ಪ್ರಕಟವಾದದ್ದು 2004ರಲ್ಲಿ. ಇಷ್ಟು ಜನವಸತಿಯ ದ್ವೀಪದಲ್ಲಿ ಒಂದು ಗೂಬೆ ಅಷ್ಟು ಕಾಲ ಯಾರಿಗೂ ಸಿಗದೆ ಉಳಿದಿತ್ತೆಂದರೆ ಆ ಕಾಡು ಎಂಥದ್ದೆಂದು ಊಹಿಸಿಕೊಳ್ಳಿ.

ಈಗ ನಮ್ಮ ಕಡೆಯವರಿಗೆ ಮಾತ್ರ ಅನ್ವಯಿಸುವ ಮಾತು. ಟೂರ್‌ನವರ ಪಟ್ಟಿಯಲ್ಲಿ ಯಾಲ, ಬುಂದಲ, ಉಡವಲವೆ ಎಂಬ ಒಣ ಸೀಮೆಯ ಉದ್ಯಾನಗಳು ಇದ್ದೇ ಇರುತ್ತವೆ. ಯುರೋಪಿನಿಂದ ಬಂದವರಿಗೆ ಅವು ಸ್ವರ್ಗ. ನಮಗೆ? ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಕಳ್ಳಿಪೀರ, ನವಿಲು. ಇವೆಲ್ಲ ನಮ್ಮ ಕೆರೆ, ನಮ್ಮ ಹೊಳೆದಂಡೆಯಲ್ಲೇ ಇವೆ. ಆನೆ, ಚಿರತೆ ನೋಡುವ ಆಸೆ ಮನೆಯವರಿಗಿದ್ದರೆ ಒಂದು ದಿನ ಕೊಡಿ. ಇಲ್ಲವಾದರೆ ಒಣ ಸೀಮೆಯ ರಾತ್ರಿಗಳನ್ನು ಕತ್ತರಿಸಿ ಕಿತುಲ್‌ಗಲ, ಸಿಂಹರಾಜ, ನುವರ ಎಲಿಯಾ, ಹಾರ್ಟನ್ ಪ್ಲೇನ್ಸ್‌ಗೆ ಹಾಕಿ. ಹಾರ್ಟನ್ ಪ್ಲೇನ್ಸ್ 2,000 ಮೀಟರಿಗಿಂತ ಎತ್ತರದ ಹುಲ್ಲುಗಾವಲು, ಚಳಿ ಇರುತ್ತದೆ, ಸ್ವೆಟರ್ ಬೇಕು. ನುವರ ಎಲಿಯಾದ ವಿಕ್ಟೋರಿಯಾ ಪಾರ್ಕಿನಲ್ಲಿ ಚಳಿಗಾಲಕ್ಕೆ ಕಾಶ್ಮೀರದಿಂದ ಬರುವ ನೊಣಹಿಡುಕ ಊರಿನ ನಡುವೆಯೇ ಸಿಗುತ್ತದೆ.

ಕಾಲ: ಜನವರಿಯಿಂದ ಮಾರ್ಚ್. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮಳೆ ಶುರುವಾಗುತ್ತದೆ, ಮೇ ಹೊತ್ತಿಗೆ ನೈರುತ್ಯ ಮಾನ್ಸೂನ್ ಬಂದಾಗ ಜಿಗಣೆಗಳ ರಾಜ್ಯ. ಮೇಷ್ಟ್ರಿಗೆ ಇದೊಂದು ತೊಡಕು, ಹೋಗಲೇಬೇಕಾದರೆ ರಜೆಯ ಮೊದಲ ವಾರವೇ ಹೋಗಿ. ಊಟಕ್ಕೆ ಚಿಂತೆಯಿಲ್ಲ, ಅನ್ನ, ಪರಿಪ್ಪು ಎಂಬ ಬೇಳೆ, ಪಲ್ಯ ಎಲ್ಲ ಕಡೆ ಸಿಗುತ್ತದೆ. ಪಲ್ಯದಲ್ಲಿ ಒಣಮೀನಿನ ಚೂರು ಹಾಕುವ ರೂಢಿ ಇರುವುದರಿಂದ ಶಾಕಾಹಾರಿಗಳು ಕೇಳಿ ತಿನ್ನಬೇಕು.

ಭೂತಾನ್: ಬೇಸಿಗೆ ರಜೆಯವರಿಗೆ

ಏಪ್ರಿಲ್-ಮೇ ತಿಂಗಳಲ್ಲಿ ಬಿಡುವಿದ್ದವರಿಗೆ ನನ್ನ ಮೊದಲ ಸಲಹೆ ಭೂತಾನ್. ಬೇರೆ ದೇಶಗಳಿಗೆ ಹೋಗಲು ಅಡ್ಡಿಯಾಗುವ ಬೇಸಿಗೆ ರಜೆಯೇ ಇಲ್ಲಿ ಅನುಕೂಲವಾಗುತ್ತದೆ. ಬಳ್ಳಾರಿ ಕುದಿಯುವ ಹೊತ್ತಿಗೆ ಅಲ್ಲಿ ರೋಡೊಡೆಂಡ್ರಾನ್ ಅರಳಿ, ಹಕ್ಕಿಗಳು ಗೂಡಿನ ಕಾಲಕ್ಕೆ ಬಂದು ಹಾಡುತ್ತಿರುತ್ತವೆ.

ನೆಲದ ವೈವಿಧ್ಯದಲ್ಲಿ ಇದಕ್ಕೆ ಸಾಟಿ ಕಡಿಮೆ, ಕಾರಣ ಎತ್ತರ. ನಮಗೆ ಸಂಡೂರಿನ ಬೆಟ್ಟವೇ ಎತ್ತರ, ಅದು ಸಾವಿರ ಮೀಟರಿನ ಆಸುಪಾಸು. ಭೂತಾನಿನ ಪೂರ್ವದಲ್ಲಿ ಥ್ರುಮ್‌ಶಿಂಗ್‌ ಲಾ ಕಣಿವೆಮಾರ್ಗದಿಂದ ಲಿಂಗ್ಮೆಥಾಂಗ್ ಕಡೆಗೆ ಇಳಿಯುವ ಒಂದೇ ರಸ್ತೆ ಸುಮಾರು 3,700 ಮೀಟರಿನಿಂದ ಸುಮಾರು 700 ಮೀಟರಿಗೆ ಬರುತ್ತದೆ. ಮೇಲೆ ಫರ್ ಮರಗಳ ಕಾಡಿನಲ್ಲಿ ಸಟೈರ್ ಟ್ರಾಗೋಪಾನ್ ಎಂಬ ಕೆಂಪು ಕಾಡುಕೋಳಿ, ನಡುವೆ ಓಕ್ ಕಾಡಿನಲ್ಲಿ ವಾರ್ಡ್ಸ್ ಟ್ರೋಗನ್ ಅಂದರೆ ನಮ್ಮ ಕಾಕರಣೆಯ ಹಿಮಾಲಯದ ಬಂಧು, ಕೆಳಗೆ ಬೆಚ್ಚಗಿನ ಅಗಲೆಲೆ ಕಾಡಿನಲ್ಲಿ ಕಂದು ಕತ್ತಿನ ಮಂಗಟ್ಟೆ. ಬೆಳಗಿನಿಂದ ಸಂಜೆಯವರೆಗೆ ರಸ್ತೆಯ ಮೇಲೆ ನಡೆಯುತ್ತ, ಕಾರು ಹಿಂದೆ ಬರುತ್ತ, ಹವಾಮಾನವೇ ಮೂರು ಸಲ ಬದಲಾಗುತ್ತದೆ. ವಯಸ್ಸಾದವರಿಗೂ ಇದು ಆಗುತ್ತದೆ. ಹಕ್ಕಿ ನೋಡುವುದು ಹೆಚ್ಚಾಗಿ ವಾಹನ ವಿರಳವಾದ ರಸ್ತೆಯಿಂದಲೇ, ಕಾಡಿನೊಳಗೆ ಹತ್ತಿ ಇಳಿಯಬೇಕಿಲ್ಲ.

ಪಶ್ಚಿಮದಲ್ಲಿ ಪುನಾಖಾದ ಹೊಳೆಗಳ ದಂಡೆಯಲ್ಲಿ ಬಿಳಿಹೊಟ್ಟೆಯ ಬಕ, ಜಗತ್ತಿನಲ್ಲೇ ಅತಿ ವಿರಳವಾದ ಬಕ. ಪಾರೊ ಮೇಲಿನ ಚೆಲೆ ಲಾ ಕಣಿವೆಮಾರ್ಗ ಸುಮಾರು 3,900 ಮೀಟರ್, ಅಲ್ಲಿ ಬೆಳಗಿನ ಜಾವ ಬ್ಲಡ್ ಫೆಸಂಟ್, ಮೊನಾಲ್ ಎಂಬ ಕಾಡುಕೋಳಿಗಳು ರಸ್ತೆಬದಿಗೇ ಬರುತ್ತವೆ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಇದಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು. ಬಯಲುಸೀಮೆಯ ದೇಹಕ್ಕೆ ಆ ಎತ್ತರದ ಅಭ್ಯಾಸವಿಲ್ಲ.

ಕಪ್ಪು ಕತ್ತಿನ ಕ್ರೌಂಚಗಳು ಫೋಬ್ಜಿಖಾ ಕಣಿವೆಗೆ ಬರುವುದು ಚಳಿಗಾಲಕ್ಕೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿ-ಮಾರ್ಚ್‌ವರೆಗೆ. ಕ್ರೌಂಚವೂ ಬೇಕು, ಹಾಡುವ ಕಾಡೂ ಬೇಕು ಎಂದರೆ ಒಂದೇ ಪ್ರವಾಸದಲ್ಲಿ ಆಗುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು. ಕ್ರೌಂಚದ ಜಾತಿಯದೇ ಆದ ಕರ್ಕರೆ ಕೊಕ್ಕರೆಯ ಹಿಂಡನ್ನು ನಮ್ಮ ಕಡೆಯೇ ಕಂಡವರಿಗೆ ನಾನು ವಸಂತದ ಕಾಡನ್ನೇ ಹೇಳುತ್ತೇನೆ.

ಭಾರತೀಯರಿಗೆ ವೀಸಾ ಬೇಡ, ಪ್ರವೇಶ ಪರವಾನಗಿ ಸಾಕು. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ನಮ್ಮ ರೂಪಾಯಿಗೂ ಅಲ್ಲಿನ ನ್ಗುಲ್ಟ್ರಮ್‌ಗೂ ಬೆಲೆ ಸಮ. ಆದರೆ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಇಲ್ಲ, ಹನ್ನೆರಡರ ಒಳಗಿನವರಿಗೆ ಅರ್ಧ. ಹತ್ತು ರಾತ್ರಿಗೆ ಗಂಡ ಹೆಂಡತಿಗೆ 24,000 ರೂಪಾಯಿ ಇದಕ್ಕೇ ಹೋಗುತ್ತದೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಇದನ್ನು ಸರಿದೂಗಿಸಲು ಪಾರೊಗೆ ವಿಮಾನದಲ್ಲಿ ಹೋಗುವ ಬದಲು ಬಾಗ್ಡೋಗ್ರಾವರೆಗೆ ವಿಮಾನ, ಅಲ್ಲಿಂದ ಕಾರಿನಲ್ಲಿ ಜೈಗಾಂವ್, ಗಡಿ ದಾಟಿ ಫುಂಟ್‌ಶೋಲಿಂಗ್ ಎಂದು ಹೋಗಬಹುದು. ದುಡ್ಡು ಉಳಿಯುತ್ತದೆ, ಒಂದೆರಡು ದಿನ ಹೋಗುತ್ತದೆ.

ಪೂರ್ವ ಭೂತಾನಿಗೆ ಹೋಗಬೇಕಾದರೆ ಹತ್ತು-ಹನ್ನೆರಡು ದಿನ ಬೇಕೇ ಬೇಕು. ವಾರವೊಂದೇ ಇದ್ದರೆ ಪಶ್ಚಿಮಕ್ಕೆ ಸೀಮಿತವಾಗಿರಿ. ಅರ್ಧ ದೂರ ಹೋಗಿ ತಿರುಗಿ ಬರುವ ಪಟ್ಟಿಗಳನ್ನು ಒಪ್ಪಬೇಡಿ.

ಭೂತಾನ್ ಕೈಗೆಟುಕದಿದ್ದರೆ ನೇಪಾಳವಿದೆ. ವೀಸಾ ಬೇಡ, ಈ ಪಟ್ಟಿಯಲ್ಲೇ ಖರ್ಚು ಕಡಿಮೆ. ಕಠ್ಮಂಡುವಿನ ಪಕ್ಕದ ಫುಲ್‌ಚೌಕಿ ಬೆಟ್ಟ, ಚಿತ್ವನದ ಹುಲ್ಲುಗಾಡು, ಕೋಶಿ ತಪ್ಪುವಿನ ಜೌಗು, ಈ ಮೂರರಲ್ಲೇ ಒಳ್ಳೆಯ ಪ್ರವಾಸವಾಗುತ್ತದೆ. ಫೆಬ್ರವರಿ-ಮಾರ್ಚ್ ಒಳ್ಳೆಯದು.

ಥಾಯ್ಲೆಂಡ್: ಕ್ಯಾಮೆರಾ ಹಿಡಿದವರಿಗೆ

ಬೆಂಗಳೂರು, ಹೈದರಾಬಾದ್ ಎರಡರಿಂದಲೂ ಬ್ಯಾಂಕಾಕಿಗೆ ನೇರ ವಿಮಾನ. ರಸ್ತೆ ಚೆನ್ನಾಗಿದೆ, ವಸತಿ ಅಗ್ಗ. ಬ್ಯಾಂಕಾಕಿನಿಂದ ಸುಮಾರು ಎರಡು ಗಂಟೆಯ ದಾರಿಯಲ್ಲಿ ಪಾಕ್ ಥಲೇ ಎಂಬಲ್ಲಿ ಉಪ್ಪಿನ ಮಡಿಗಳಿವೆ. ನವೆಂಬರಿನಿಂದ ಮಾರ್ಚ್‌ವರೆಗೆ ಸೈಬೀರಿಯಾ ಕಡೆಯಿಂದ ಬಂದ ಗೊರವಗಳು ಸಾವಿರಗಟ್ಟಲೆ. ಅವುಗಳ ನಡುವೆ ಗುಬ್ಬಿಯಷ್ಟೇ ಗಾತ್ರದ ಒಂದು ಹಕ್ಕಿ, ಕೊಕ್ಕಿನ ತುದಿ ಮಾತ್ರ ಪುಟ್ಟ ಚಮಚ. ಸ್ಪೂನ್-ಬಿಲ್ಡ್ ಸ್ಯಾಂಡ್‌ಪೈಪರ್. ಜಗತ್ತಿನಲ್ಲಿ ಉಳಿದಿರುವುದು ಕೆಲವೇ ನೂರು. ಎದುರಿಗೆ ತಿರುಗಿದಾಗ ಚಮಚ ಕಾಣುತ್ತದೆ, ಪಕ್ಕಕ್ಕೆ ತಿರುಗಿದರೆ ಉಳಿದವುಗಳಂತೆಯೇ ಕಾಣುತ್ತದೆ. ಉಳಿದವು ತಲೆ ಬಗ್ಗಿಸಿ ಕುಕ್ಕಿ ಮುಂದೆ ಹೋದರೆ ಇದು ಕೊಕ್ಕನ್ನು ನೀರಿನಲ್ಲೇ ಇಟ್ಟು ಅತ್ತಿತ್ತ ಆಡಿಸುತ್ತದೆ. ಬೈನಾಕ್ಯುಲರ್ ಸಾಲದು, ಸ್ಪಾಟಿಂಗ್ ಸ್ಕೋಪ್ ಇರುವ ಗೈಡ್ ಬೇಕು.

ಅಲ್ಲಿಂದ ಇನ್ನೊಂದಿಷ್ಟು ಪಶ್ಚಿಮಕ್ಕೆ ಹೋದರೆ ಕೇಂಗ್ ಕ್ರಾಚಾನ್ ಕಾಡು, 2021ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. ಉತ್ತರದ ಹಿಮಾಲಯ ಕಡೆಯ ಹಕ್ಕಿಗಳೂ ದಕ್ಷಿಣದ ಮಲಯ ಕಡೆಯವೂ ಕೂಡುವ ಜಾಗ. ಕಾಡಿನ ಅಂಚಿನಲ್ಲಿ ಊರವರು ತಮ್ಮ ಜಮೀನಿನಲ್ಲಿ ನೀರಿನ ಗುಂಡಿ ಮಾಡಿ ಮರೆಗೂಡು ಕಟ್ಟಿದ್ದಾರೆ. ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೂತಲ್ಲಿಗೇ ಹಕ್ಕಿ ಬರುತ್ತದೆ, ಬೆಳಕು ಒಳ್ಳೆಯದು, ಮಂಡಿ ನೋವಿನವರಿಗೂ ಹಿತ. ಕಾಡಿನಲ್ಲಿ ಅಲೆದು ಹುಡುಕುವ ಖುಷಿ ಬೇಕೆನ್ನುವವರಿಗೆ ಅಲ್ಲಿ ಹೊತ್ತು ಹೋಗುವುದಿಲ್ಲ. ದಿನಗಳಿದ್ದರೆ ಚಿಯಾಂಗ್ ಮಾಯ್‌ಗೆ ಹಾರಿ ದೋಯ್ ಇಂಥನಾನ್ ಹತ್ತಿ, 2,565 ಮೀಟರ್, ಅದೇ ದೇಶದ ಅತಿ ಎತ್ತರದ ಜಾಗ.

ಶಾಕಾಹಾರಿಗಳಿಗೆ ಕಷ್ಟ ಇಲ್ಲೇ. ಮೀನಿನ ಸಾಸ್ ಇಲ್ಲದ ಅಡುಗೆ ಅಪರೂಪ. ಅವಲಕ್ಕಿ, ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ ಕಟ್ಟಿಕೊಂಡು ಹೋಗಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಕೊಳ್ಳುವ ದಿನವೇ ಸರ್ಕಾರಿ ಜಾಲತಾಣದಲ್ಲಿ ನೋಡಿ. ಶ್ರೀಲಂಕಾಕ್ಕೂ ಇದೇ ಮಾತು.

ಕೀನ್ಯಾ: ದುಬಾರಿ, ಆದರೆ ನಮ್ಮ ಕಣ್ಣಿಗೆ ಬೇರೆಯೇ ಅರ್ಥ

ಇಲ್ಲಿಯವರೆಗೆ ಹೇಳಿದ್ದೆಲ್ಲ ನಮ್ಮಲ್ಲಿಲ್ಲದ ನೆಲದ ಮಾತು. ಕೀನ್ಯಾದ್ದು ತದ್ವಿರುದ್ಧ. ಅಲ್ಲಿ ಜಾಲಿ ಮರ, ಹುಲ್ಲು, ಕೆಂಪು ಧೂಳು, ಬಿಸಿಲು. ನೆಲ ಪರಿಚಿತ, ಹಕ್ಕಿ ಹೊಸದು. ನಮ್ಮ ನೀಲಕಂಠದ ಜಾಗದಲ್ಲಿ ಎದೆ ನೇರಳೆಯಾದ ನೀಲಕಂಠ, ಗೌಜಲಹಕ್ಕಿಯ ಜಾಗದಲ್ಲಿ ಫ್ರಾಂಕೊಲಿನ್, ರಣಹದ್ದುಗಳು ಇನ್ನೂ ಹಿಂಡು ಹಿಂಡಾಗಿ.

ಮತ್ತು ಕೋರಿ ಬಸ್ಟರ್ಡ್. ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಗೆ ಇಳಿದಿರುವ ನಮ್ಮ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಖಾಸಾ ಬಂಧು ಅದು, ಒಂದೇ ಕುಲ. ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಹುಲ್ಲಿನ ಬಯಲಿನಲ್ಲಿ ಅದು ಕತ್ತು ಉಬ್ಬಿಸಿ, ಬಾಲ ಬೆನ್ನಿನ ಮೇಲೆ ಮಡಚಿ ನಿಲ್ಲುವುದನ್ನು ಸಮೀಪದಿಂದ ನೋಡಬಹುದು. ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸಿಕೊಂಡರೆ ಏನು ಉಳಿಯುತ್ತದೆ ಎಂಬುದನ್ನು ನಮ್ಮ ಮೂರು ಜಿಲ್ಲೆಯವರು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ನನ್ನ ಗಟ್ಟಿ ಆಸೆ. ಕೈಯಲ್ಲಿ ದುಡ್ಡಿದ್ದು, ಹೊರದೇಶದ ಪ್ರವಾಸ ಒಂದೇ ಸಲ ಮಾಡುವುದಾದರೆ ನಾನು ಕೀನ್ಯಾವನ್ನೇ ಹೇಳುತ್ತೇನೆ.

ನೈರೋಬಿಯಿಂದ ಉತ್ತರಕ್ಕೆ ರಿಫ್ಟ್ ಕಣಿವೆಯಲ್ಲಿ ನೈವಾಷಾ, ಎಲ್ಮೆಂಟೈಟಾ, ನಕುರು, ಬೊಗೋರಿಯಾ, ಬರಿಂಗೊ ಕೆರೆಗಳು ಒಂದರ ಹಿಂದೆ ಒಂದು. ಕೆಲವು ಸಿಹಿನೀರು, ಕೆಲವು ಸವಳು, ಹಾಗಾಗಿ ಹಕ್ಕಿಯೂ ಬೇರೆ ಬೇರೆ. ಹಳೆಯ ಚಿತ್ರಗಳಲ್ಲಿ ನಕುರು ಕೆರೆಯ ದಂಡೆ ರಾಜಹಂಸಗಳಿಂದ ಗುಲಾಬಿಯಾಗಿರುತ್ತದೆ. ಕಳೆದ ದಶಕದಿಂದ ಅಲ್ಲಿ ನೀರು ಏರಿ ಸವಳು ತೆಳುವಾಗಿದೆ, ರಾಜಹಂಸಗಳು ಬಹುಪಾಲು ಬೊಗೋರಿಯಾ ಕಡೆ ಸರಿದಿವೆ. ನಕುರು ಒಂದನ್ನೇ ಹಾಕಿ ಬೊಗೋರಿಯಾ ಬಿಟ್ಟ ಪಟ್ಟಿ ಕೈಗೆ ಬಂದರೆ ಬದಲಿಸಲು ಹೇಳಿ. ಪಶ್ಚಿಮದ ಕಾಕಮೆಗಾ ಮಳೆಕಾಡು ಇನ್ನೊಂದು ಲೋಕ, ಆದರೆ ದೂರ.

ರಾಷ್ಟ್ರೀಯ ಉದ್ಯಾನಗಳಲ್ಲಿ ವಾಹನದಿಂದ ಇಳಿಯುವಂತಿಲ್ಲ, ಮೇಲ್ಛಾವಣಿ ಎತ್ತಿದ ವ್ಯಾನಿನಲ್ಲೇ ನಿಂತು ನೋಡಬೇಕು. ನಡೆಯಲಾಗದವರಿಗೆ ಇದೇ ಅನುಕೂಲ. ಊಟ ಸಲೀಸು: ಚಪಾತಿ ಅಲ್ಲಿನ ದಿನನಿತ್ಯದ ತಿನಿಸು, ಬೀನ್ಸ್ ಸಾರು, ಮೆಕ್ಕೆಜೋಳದ ಉಗಾಲಿ. ನೈರೋಬಿಯಲ್ಲಿ ಗುಜರಾತಿ ಊಟವೂ ಸಿಗುತ್ತದೆ.

ಖರ್ಚಿನಲ್ಲಿ ಎದೆ ಝಲ್ಲೆನಿಸುವುದು ಪ್ರವೇಶ ಶುಲ್ಕ. ಮಸಾಯಿ ಮಾರಾದಲ್ಲಿ ಹೊರದೇಶದವರಿಗೆ 2024ರಿಂದ ದಿನಕ್ಕೆ ತಲಾ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಹಕ್ಕಿಗಾಗಿಯೇ ಹೋಗುವವರು ಮಾರಾದಲ್ಲಿ ಒಂದೆರಡು ದಿನ ಮಾತ್ರ ಇಟ್ಟು ಉಳಿದದ್ದನ್ನು ಕೆರೆಗಳಿಗೆ ಕೊಡಬಹುದು. ಜನವರಿ-ಫೆಬ್ರವರಿ ಒಣಗಾಲ, ಯುರೋಪಿನ ವಲಸೆ ಹಕ್ಕಿಗಳೂ ಇರುತ್ತವೆ, ಮಾರಾ ಶುಲ್ಕವೂ ಅರ್ಧ. ಭತ್ತ ಮಾರಿದವರಿಗೆ ಇದೇ ಹೊಂದುವ ಕಾಲ. ಏಪ್ರಿಲ್-ಮೇ ಅಲ್ಲಿ ದೊಡ್ಡ ಮಳೆ, ಮೇಷ್ಟ್ರು ಹೋಗದಿರುವುದೇ ಒಳ್ಳೆಯದು.

ಕಾಗದದಲ್ಲಿ ಎರಡು ವಿಷಯ. 2024ರಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಬಂದಿದೆ. ಎರಡನೆಯದು ಹಳದಿ ಜ್ವರದ ಲಸಿಕೆ. ಅಧಿಕೃತ ಕೇಂದ್ರದಲ್ಲಷ್ಟೇ ಹಾಕಿಸಬೇಕು, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು. ಆ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಸಕ್ಕೆ ಹಾಕುತ್ತಾರೆ. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇದ್ದವರು ವೈದ್ಯರನ್ನು ಕೇಳದೆ ಟಿಕೆಟ್ ತೆಗೆಸಬೇಡಿ. ಮುಂಬಯಿಯಿಂದ ನೈರೋಬಿಗೆ ನೇರ ವಿಮಾನವಿದೆ, ರಾಯಚೂರಿನವರಿಗೆ ಮುಂಬಯಿ ಒಂದೇ ರೈಲು.

ದುಡ್ಡು ಕಟ್ಟುವ ಮೊದಲು

ಪಶ್ಚಿಮ ಘಟ್ಟವನ್ನೇ ಇನ್ನೂ ನೋಡದವರು ಮೊದಲು ದಾಂಡೇಲಿ, ಗಣೇಶಗುಡಿಗೆ ಹೋಗಿ ಬನ್ನಿ. ಮಳೆಕಾಡಿನಲ್ಲಿ ಹಕ್ಕಿ ಹುಡುಕುವ ಅಭ್ಯಾಸ ಅಲ್ಲೇ ಆದರೆ ಸಿಂಹರಾಜದ ಆ ಕೆಲವು ನಿಮಿಷ ಕೈತಪ್ಪುವುದಿಲ್ಲ. ಆರಿಸಿದ ದೇಶದಲ್ಲಿ ನೀವು ಹೋಗುವ ತಿಂಗಳು ಯಾವ ಜಾಗದಲ್ಲಿ ಯಾವ ಹಕ್ಕಿ ದಾಖಲಾಗಿದೆ ಎಂದು ಇ-ಬರ್ಡ್ ಜಾಲತಾಣದಲ್ಲಿ ನೋಡಿ, ಅದಕ್ಕೆ ದುಡ್ಡು ಬೇಡ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪಿನಲ್ಲಿ ಆ ದೇಶದ ಪ್ಯಾಕ್ ಇಲ್ಲೇ ಇಳಿಸಿಕೊಳ್ಳಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ. ಟೂರ್ ಪ್ಯಾಕೇಜ್ ಕೊಂಡಾಗ ಹಿಡಿಯುವ ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ತೆರಿಗೆ) ಮೊತ್ತ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ರಸೀದಿ ಇಟ್ಟುಕೊಳ್ಳಿ.

ಗೈಡನ್ನು ಆರಿಸುವಾಗ ಅವರು ಹಕ್ಕಿ ಕೂಗಿನ ರೆಕಾರ್ಡಿಂಗ್ ಎಷ್ಟು ಬಳಸುತ್ತಾರೆ ಎಂದು ಕೇಳಿ. ಗೂಡಿನ ಕಾಲದಲ್ಲಿ ಸ್ಪೀಕರ್ ಹಿಡಿದು ಹಕ್ಕಿಯನ್ನು ಮತ್ತೆ ಮತ್ತೆ ಎಳೆಯುವವರ ಜೊತೆ ಹೋಗಬೇಡಿ, ಫೋಟೋ ಎಷ್ಟೇ ಚೆನ್ನಾಗಿ ಬಂದರೂ ಬೇಡ. ಗುಂಪಿನಲ್ಲಿ ಎಷ್ಟು ಜನ ಎಂದು ಕೇಳಿ, ಕಾಡಿನ ಕಿರುದಾರಿಯಲ್ಲಿ ಆರು ಜನಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಕೊನೆಗೆ, ಬೆಳಗಿನ ತಿಂಡಿ ಡಬ್ಬಿಗೆ ಕಟ್ಟಿ ಕೊಡುತ್ತೀರಾ ಎಂದು ಕೇಳಿ. ಎಂಟು ಗಂಟೆಗೆ ಹೋಟೆಲಿನಲ್ಲೇ ತಿಂಡಿ ಎಂದರೆ ಆ ಪಟ್ಟಿಯನ್ನು ಅಲ್ಲೇ ಬಿಟ್ಟು ಬೇರೆಯವರನ್ನು ನೋಡಿ.